ಚಿನ್ನ ಗೆಲ್ಲದ ರಾನ್ ಕ್ಲಾರ್ಕ್ ಅವರನ್ನು ಹೇಗೆ ಅಳೆಯಬೇಕು?

ಪ್ರಶ್ನೆ: ನಾವು ಕೆಲವು ವರ್ಷಗಳಿಂದ ಮೆಲ್ಬರ್ನ್‌ನಲ್ಲಿ ನೆಲೆಸಿದ್ದೇವೆ. ಶಾಲೆಯ ತಂಡದಲ್ಲಿ 3000 ಮೀಟರ್ ಓಡುವ ನನ್ನ ಮಗಳು ಇಲ್ಲಿನ ಒಲಿಂಪಿಕ್ ಪಾರ್ಕ್ ಬಳಿಯ ಪ್ರತಿಮೆಯನ್ನು ನೋಡಿದಾಗಿನಿಂದ ರಾನ್ ಕ್ಲಾರ್ಕ್ ಬಗ್ಗೆ ಕೇಳುತ್ತಲೇ ಇದ್ದಾಳೆ. ಅಷ್ಟೊಂದು ವಿಶ್ವದಾಖಲೆ ಮಾಡಿದವರು ಒಂದೂ ಚಿನ್ನದ ಪದಕ ಗೆಲ್ಲಲಿಲ್ಲ ಏಕೆ? ದೊಡ್ಡ ಸ್ಪರ್ಧೆ ಬಂದರೆ ಅವರು ಎದೆಗುಂದುತ್ತಿದ್ದರು ಎಂದು ಇಲ್ಲಿ ಕೆಲವರು ಹೇಳುತ್ತಾರೆ, ಅದು ನಿಜವೇ? ನನ್ನ ಮಗಳೂ ಆರಂಭದಿಂದ ಮುಂದೆ ಓಡಿ ಕೊನೆಯ ಸುತ್ತಿನಲ್ಲಿ ಹಿಂದೆ ಬೀಳುತ್ತಾಳೆ. ಅವಳಿಗೆ ನಾನು ಏನು ಹೇಳಲಿ?

ಉತ್ತರ: ಎದೆಗುಂದುತ್ತಿದ್ದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕ್ಲಾರ್ಕ್ ಬದುಕಿದ್ದಾಗಲೇ ಹುಟ್ಟಿಕೊಂಡ ಆ ಮಾತು ಇಂದಿಗೂ ನಿಂತಿಲ್ಲವೆಂಬುದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಅವರ ಎರಡು ಒಲಿಂಪಿಕ್ ಸೋಲುಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಿ ನೋಡುವುದರಿಂದ ಈ ತಪ್ಪು ಅಭಿಪ್ರಾಯ ಉಳಿದುಕೊಂಡಿದೆ. 1964ರ ಟೋಕಿಯೊದಲ್ಲಿ ಅವರು ಸೋತದ್ದು ಓಟದ ಶೈಲಿಯಿಂದ. 1968ರ ಮೆಕ್ಸಿಕೊ ನಗರದಲ್ಲಿ ಸೋತದ್ದು ಎತ್ತರದ ತೆಳುಗಾಳಿಯಿಂದ. ಈ ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಇವುಗಳ ನಡುವೆ, 1965 ಮತ್ತು 1966ರಲ್ಲಿ, ಅವರು ದೂರದ ಓಟದ ಅಳತೆಗೋಲನ್ನೇ ಬದಲಿಸಿದರು. ನಿಮ್ಮ ಮಗಳ ಪ್ರಶ್ನೆಗೂ ಇದರಲ್ಲೇ ಉತ್ತರವಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅವಳು ಕಂಡ ಆ ಪ್ರತಿಮೆಯ ವಿಷಯ. ಕ್ಲಾರ್ಕ್ 1937ರ ಫೆಬ್ರುವರಿ 21ರಂದು ಮೆಲ್ಬರ್ನ್‌ನಲ್ಲಿ ಹುಟ್ಟಿದರು. ಅವರದು ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಮನೆತನ. ಅಣ್ಣ ಜ್ಯಾಕ್ ಕ್ಲಾರ್ಕ್ ಎಸೆಂಡನ್ ತಂಡದ ನಾಯಕರಾಗಿ 1962ರಲ್ಲಿ ಪ್ರಶಸ್ತಿ ಗೆದ್ದವರು. ರಾನ್ ಹದಿಹರೆಯದಲ್ಲೇ ಮೈಲಿ ಓಟದಲ್ಲಿ ಕಿರಿಯರ ವಿಶ್ವದಾಖಲೆ ಮಾಡಿದ್ದರು. 1956ರ ಮಾರ್ಚ್‌ನಲ್ಲಿ ಒಲಿಂಪಿಕ್ ಪಾರ್ಕ್‌ನಲ್ಲಿ ನಡೆದ ರಾಷ್ಟ್ರೀಯ ಕೂಟದ ಮೈಲಿ ಓಟದಲ್ಲಿ, ಗುಂಪಿನ ನಡುವೆ ಕಾಲಿಗೆ ಕಾಲು ತಾಗಿ ಅವರು ನೆಲಕ್ಕುರುಳಿದರು. ಹಿಂದೆಯೇ ಬರುತ್ತಿದ್ದ ಜಾನ್ ಲ್ಯಾಂಡಿ, ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಜಗತ್ತಿನ ಎರಡನೆಯ ವ್ಯಕ್ತಿ, ಅವರ ಮೇಲಿಂದ ಹಾರಲು ಯತ್ನಿಸಿದರೂ ಸ್ಪೈಕ್ ಬೂಟು ಕ್ಲಾರ್ಕ್ ಅವರ ತೋಳಿಗೆ ತಗುಲಿತು. ಲ್ಯಾಂಡಿ ನಿಂತರು, ಹಿಂದಿರುಗಿ ಬಂದು ಹುಡುಗನನ್ನು ವಿಚಾರಿಸಿದರು, ಆತ ಎದ್ದುದನ್ನು ನೋಡಿದ ಮೇಲೆಯೇ ಓಟಕ್ಕೆ ಮರಳಿದರು, ಮತ್ತು ಅಷ್ಟರಲ್ಲಿ ಬಹಳ ದೂರ ಸಾಗಿದ್ದವರನ್ನೆಲ್ಲ ಹಿಂದಿಕ್ಕಿ 4 ನಿಮಿಷ 4.2 ಸೆಕೆಂಡಿನಲ್ಲಿ ಗೆದ್ದರು. ಪ್ರತಿಮೆಯಲ್ಲಿ ಬಾಗಿ ಕೈಚಾಚಿರುವವರು ಲ್ಯಾಂಡಿ, ಬಿದ್ದಿರುವವರು ಕ್ಲಾರ್ಕ್. ಮುಂದೆ ಲ್ಯಾಂಡಿ ವಿಕ್ಟೋರಿಯಾ ರಾಜ್ಯದ ಗವರ್ನರ್ ಆದರು. ಅವರು ಆ ಹುದ್ದೆಯಲ್ಲಿದ್ದಾಗಲೇ ಕ್ಲಾರ್ಕ್ ಕ್ವೀನ್ಸ್‌ಲ್ಯಾಂಡ್‌ನ ಗೋಲ್ಡ್ ಕೋಸ್ಟ್ ನಗರದ ಮೇಯರ್ ಆದರು.

ಅದೇ ವರ್ಷದ ನವೆಂಬರ್ 22ರಂದು ಮೆಲ್ಬರ್ನ್ ಒಲಿಂಪಿಕ್ಸ್ ಉದ್ಘಾಟನೆಯಾಯಿತು. ಕ್ಲಾರ್ಕ್ ಆಸ್ಟ್ರೇಲಿಯಾ ತಂಡದಲ್ಲಿ ಇರಲಿಲ್ಲ. ಆದರೂ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ (ಎಂಸಿಜಿ) ಒಲಿಂಪಿಕ್ ಜ್ಯೋತಿಯನ್ನು ಬೆಳಗಿಸುವ ಗೌರವ ಹತ್ತೊಂಬತ್ತು ವರ್ಷದ ಈ ಹುಡುಗನಿಗೆ ದೊರೆಯಿತು. ದೂರದ ಪ್ರೇಕ್ಷಕರಿಗೂ ಕಾಣುವಂತೆ ಪ್ರಖರವಾಗಿ ಉರಿಯುವ ಇಂಧನವನ್ನು ತುಂಬಿದ್ದ ಆ ಪಂಜಿನಿಂದ ಕಿಡಿಗಳು ಸಿಡಿದು ಅವರ ತೋಳನ್ನು ಸುಟ್ಟವು. ಅವರು ಪಂಜನ್ನು ಕೆಳಗಿಳಿಸದೆ ಮೆಟ್ಟಿಲು ಹತ್ತಿ ಕೆಲಸ ಮುಗಿಸಿದರು.

ಆ ಬಳಿಕ ಕೆಲವು ವರ್ಷ ಓಟದ ಜಗತ್ತು ಅವರನ್ನು ಮರೆತೇಬಿಟ್ಟಿತು. ಕಡ್ಡಾಯ ಸೈನಿಕ ತರಬೇತಿ, ಲೆಕ್ಕಪತ್ರದ ಓದು, ಉದ್ಯೋಗ, ಮದುವೆ, ಮಕ್ಕಳು: ಇವುಗಳ ನಡುವೆ ಗಂಭೀರ ಓಟಕ್ಕೆ ಜಾಗವಿರಲಿಲ್ಲ. 1960ರ ದಶಕದ ಆರಂಭದಲ್ಲಿ ಮೆಲ್ಬರ್ನ್‌ನ ಗೆಳೆಯರ ಒತ್ತಾಯದಿಂದ ಅವರು ಮತ್ತೆ ಓಡತೊಡಗಿದಾಗ ಅದು ಮೈಲಿ ಓಟಗಾರನಾಗಿ ಅಲ್ಲ, ದೂರದ ಓಟಗಾರನಾಗಿ. ಅವರು ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದವರೆಂಬುದನ್ನು ನಿಮ್ಮ ಮಗಳು ತಿಳಿದಿರಬೇಕು. ಹಗಲೆಲ್ಲ ಲೆಕ್ಕಪತ್ರದ ಕೆಲಸ. ಕೆಲಸಕ್ಕೆ ಮುನ್ನ ಒಂದು ಓಟ, ಸಂಜೆ ಮನೆಗೆ ಬಂದ ಮೇಲೆ ದೀರ್ಘವಾದ ಇನ್ನೊಂದು ಓಟ, ಅನೇಕ ದಿನ ಮಧ್ಯಾಹ್ನದ ಬಿಡುವಿನಲ್ಲೂ ಮತ್ತೊಂದು. ವಾರಕ್ಕೆ ಸುಮಾರು 160 ಕಿಲೋಮೀಟರ್.

ಅವರ ಅಭ್ಯಾಸದ ಬಗೆಯೂ ಅಂದಿನ ರೂಢಿಗಿಂತ ಬೇರೆಯಾಗಿತ್ತು. ಜೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ ಕಾಲದಿಂದ, 400 ಮೀಟರ್‌ಗಳನ್ನು ವೇಗವಾಗಿ ಓಡಿ, ನಡುವೆ ನಿಧಾನವಾಗಿ ಸಾಗಿ, ಮತ್ತೆ ವೇಗವಾಗಿ ಓಡುವ ಇಂಟರ್‌ವಲ್ ಪದ್ಧತಿಯೇ ಶ್ರೇಷ್ಠವೆಂಬ ನಂಬಿಕೆ ಬೇರೂರಿತ್ತು. ಕ್ಲಾರ್ಕ್ ಅದನ್ನು ನೆಚ್ಚಿಕೊಳ್ಳಲಿಲ್ಲ. ರಸ್ತೆಗಳಲ್ಲಿ, ಕುದುರೆ ಪಂದ್ಯದ ಹುಲ್ಲುಹಾಸಿನಲ್ಲಿ, ವಾರದ ಕೊನೆಯಲ್ಲಿ ಡ್ಯಾಂಡೆನಾಂಗ್ ಬೆಟ್ಟಗಳ ಏರಿಳಿತದ ಕಾಡುದಾರಿಗಳಲ್ಲಿ ಅವರು ನಿಲ್ಲಿಸದೆ, ಉಸಿರು ಬಿಗಿಯುವಷ್ಟು ವೇಗದಲ್ಲಿ ಓಡುತ್ತಿದ್ದರು. ಇಂದು ತರಬೇತುದಾರರು ಟೆಂಪೊ ಓಟ ಎಂದು ಹೆಸರಿಟ್ಟು ಕಲಿಸುವುದನ್ನು ಅವರು ಹೆಸರಿಲ್ಲದೆ ದಿನವೂ ಮಾಡಿದರು. ದೇಹವು ದಣಿವಿನ ಅಂಚಿನಲ್ಲೇ ಬಹಳ ಹೊತ್ತು ಕೆಡದೆ ಸಾಗುವುದನ್ನು ಈ ಅಭ್ಯಾಸ ಕಲಿಸುತ್ತದೆ. ಆದರೆ ಕೊನೆಯ 200 ಮೀಟರ್‌ನಲ್ಲಿ ಒಮ್ಮೆಲೇ ನೆಗೆಯುವುದನ್ನು ಇದು ಕಲಿಸುವುದಿಲ್ಲ. ಅವರ ದಾಖಲೆಗಳ ಮೂಲವೂ ಸೋಲುಗಳ ಮೂಲವೂ ಈ ಒಂದೇ ಅಭ್ಯಾಸದಲ್ಲಿವೆ ಎಂದು ನಾನು ಭಾವಿಸುತ್ತೇನೆ.

1962ರ ಪರ್ತ್ ಕಾಮನ್‌ವೆಲ್ತ್ ಕ್ರೀಡಾಕೂಟದ ಮೂರು ಮೈಲಿ ಓಟದಲ್ಲಿ ನ್ಯೂಜಿಲೆಂಡ್‌ನ ಮರೆ ಹಾಲ್‌ಬರ್ಗ್ ಹಿಂದೆ ಅವರು ಬೆಳ್ಳಿ ಪಡೆದರು. 1963ರ ಡಿಸೆಂಬರ್‌ನಲ್ಲಿ, ಏಳು ವರ್ಷಗಳ ಹಿಂದೆ ತಾವು ಬಿದ್ದಿದ್ದ ಅದೇ ಒಲಿಂಪಿಕ್ ಪಾರ್ಕ್‌ನಲ್ಲಿ, 10,000 ಮೀಟರ್ ದೂರವನ್ನು 28 ನಿಮಿಷ 15.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿದರು. ಹೀಗಾಗಿ ಟೋಕಿಯೊಗೆ ಹೊರಟಾಗ ಅವರನ್ನೇ ಎಲ್ಲರೂ ವಿಜಯಿಯೆಂದು ಎಣಿಸಿದ್ದರು.

1964ರ ಅಕ್ಟೋಬರ್ 14ರ ಆ ಓಟವನ್ನು ನಿಧಾನವಾಗಿ ನೋಡಬೇಕು. ಅದು ಸಿಂಡರ್ ಟ್ರ್ಯಾಕ್, ಅಂದರೆ ಸುಟ್ಟ ಕಲ್ಲಿದ್ದಲಿನ ಪುಡಿ ಹಾಸಿದ ಹಾದಿ; ಒಲಿಂಪಿಕ್ಸ್ ಅಂಥ ಹಾಸಿನ ಮೇಲೆ ನಡೆದದ್ದು ಅದೇ ಕೊನೆ. ಕ್ಲಾರ್ಕ್ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ವೇಗ ಏರಿಸುತ್ತ ಎದುರಾಳಿಗಳನ್ನು ಕಳಚಿಹಾಕುವ ತಂತ್ರವನ್ನು ಹಿಡಿದರು. ತಂತ್ರ ಫಲಿಸತೊಡಗಿತು. ಅರ್ಧ ದೂರ ಮುಗಿಯುವ ಹೊತ್ತಿಗೆ ಅವರ ಜೊತೆ ಉಳಿದವರು ನಾಲ್ವರು: ಟ್ಯುನೀಶಿಯಾದ ಮೊಹಮ್ಮದ್ ಗಮೂದಿ, ಇಥಿಯೋಪಿಯಾದ ಮಾಮೊ ವೋಲ್ಡೆ, ಜಪಾನಿನ ಕೋಕಿಚಿ ತ್ಸುಬುರಾಯಾ ಮತ್ತು ಅಮೆರಿಕದ ಬಿಲ್ಲಿ ಮಿಲ್ಸ್. ಕೊನೆಯ ಭಾಗದಲ್ಲಿ ತ್ಸುಬುರಾಯಾ ಮತ್ತು ವೋಲ್ಡೆ ಇಬ್ಬರೂ ಹಿಂದೆ ಬಿದ್ದರು. ಓಗ್ಲಾಲಾ ಲಕೋಟಾ ಮೂಲನಿವಾಸಿ ಸಮುದಾಯದ, ಅಮೆರಿಕದ ಮರೀನ್ ದಳದಲ್ಲಿದ್ದ ಮಿಲ್ಸ್ ಮಾತ್ರ ಬೀಳಲಿಲ್ಲ. ಅವರನ್ನು ಕ್ಲಾರ್ಕ್ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ; ತೆಗೆದುಕೊಳ್ಳಲು ಕಾರಣವೂ ಇರಲಿಲ್ಲ, ಏಕೆಂದರೆ ಮಿಲ್ಸ್ ಆ ದಿನ ತಮ್ಮ ಹಿಂದಿನ ಉತ್ತಮ ಸಮಯಕ್ಕಿಂತ ಸುಮಾರು ಮುಕ್ಕಾಲು ನಿಮಿಷ ವೇಗವಾಗಿ ಓಡಿದರು.

ಕೊನೆಯ ಸುತ್ತಿಗೆ ಗಂಟೆ ಬಾರಿಸಿದಾಗ ಮೂವರು ಉಳಿದಿದ್ದರು, ಮತ್ತು ಹಾದಿಯ ತುಂಬ ಒಂದು ಸುತ್ತು ಹಿಂದೆ ಬಿದ್ದ ಓಟಗಾರರು. ಕ್ಲಾರ್ಕ್ ಒಳಗಡೆ, ಹೊರಗಡೆ ಮಿಲ್ಸ್. ಎದುರಿಗೆ ಹಿಂದುಳಿದ ಓಟಗಾರನೊಬ್ಬನ ಬೆನ್ನು. ಸಿಕ್ಕಿಬಿದ್ದ ಕ್ಲಾರ್ಕ್ ಮಿಲ್ಸ್ ಅವರನ್ನು ಕೈಯಿಂದ ತಳ್ಳಿ ದಾರಿ ಮಾಡಿಕೊಂಡರು, ಮಿಲ್ಸ್ ತತ್ತರಿಸಿ ಹೊರಕ್ಕೆ ಸರಿದರು. ಆ ಕ್ಷಣದಲ್ಲೇ ಗಮೂದಿ ಇಬ್ಬರ ನಡುವೆ ತೂರಿ ಮುನ್ನುಗ್ಗಿದರು. ಕೊನೆಯ ತಿರುವಿನಲ್ಲಿ ಕ್ಲಾರ್ಕ್ ಗಮೂದಿಯನ್ನು ಬೆನ್ನಟ್ಟಿದರು. ಮಿಲ್ಸ್ ಮುಗಿದರೆಂದೇ ಎಲ್ಲರೂ ತಿಳಿದರು. ಅಂಥ ಹೊತ್ತಿನಲ್ಲಿ ಮಿಲ್ಸ್ ಹೊರಗಿನ ಹಾದಿಗೆ ಬಂದು ಇಬ್ಬರನ್ನೂ ದಾಟಿ ಹೋದರು. ಮಿಲ್ಸ್ 28:24.4, ಗಮೂದಿ 28:24.8, ಕ್ಲಾರ್ಕ್ 28:25.8. ಹತ್ತು ಕಿಲೋಮೀಟರ್ ಓಡಿದ ಮೇಲೆ ಚಿನ್ನಕ್ಕೂ ಕಂಚಿಗೂ ನಡುವೆ ಉಳಿದ ಅಂತರ ಒಂದು ಸೆಕೆಂಡು ಮತ್ತು ನಾಲ್ಕು ದಶಾಂಶ. ಒಲಿಂಪಿಕ್ಸ್‌ನ 10,000 ಮೀಟರ್ ಗೆದ್ದ ಅಮೆರಿಕದ ಪುರುಷ ಇಂದಿಗೂ ಮಿಲ್ಸ್ ಒಬ್ಬರೇ.

ಇದನ್ನು ಎದೆಗುಂದುವಿಕೆ ಎನ್ನಲು ಆಗದು. ಆ ಓಟದ ಬಹುಪಾಲನ್ನು ಕಟ್ಟಿದವರು ಕ್ಲಾರ್ಕ್; ಉಳಿದವರು ಅವರು ಕಟ್ಟಿದ ವೇಗದ ಮೇಲೆ ಓಡಿದರು. ಆದರೆ ತಂತ್ರದಲ್ಲಿ ದೋಷವಿತ್ತೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಒಂದು ಸುತ್ತು ವೇಗ, ಒಂದು ಸುತ್ತು ನಿಧಾನ ಎಂಬ ಕ್ರಮವು ಕ್ಲಾರ್ಕ್ ಅವರ ನಿಜವಾದ ಬಲವಾದ ಸಮವೇಗದ ಒತ್ತಡಕ್ಕೆ ವಿರುದ್ಧವಾಗಿತ್ತು. ನಿಧಾನದ ಸುತ್ತುಗಳಲ್ಲಿ ಹಿಂದಿದ್ದವರಿಗೆ ಉಸಿರು ಮರಳಿ ಸಿಗುತ್ತಿತ್ತು. ಒಂಬತ್ತು ತಿಂಗಳ ನಂತರ ಅವರು ಓಡಿದ ರೀತಿಯಲ್ಲಿ ಆ ದಿನವೂ ಓಡಿದ್ದರೆ ಕೊನೆಯ ಸುತ್ತಿನವರೆಗೆ ಯಾರಾದರೂ ಜೊತೆಗಿರುತ್ತಿದ್ದರೇ ಎಂಬ ಅನುಮಾನ ನನಗಿದೆ.

ಟೋಕಿಯೊ ಅಲ್ಲಿಗೇ ಮುಗಿಯಲಿಲ್ಲ. ಎರಡು ದಿನದ ನಂತರ 5000 ಮೀಟರ್‌ನ ಅರ್ಹತಾ ಸುತ್ತು, ಮತ್ತೆರಡು ದಿನಕ್ಕೆ ಮಳೆಯಲ್ಲಿ ನೆನೆದ ಹಾದಿಯ ಮೇಲೆ ಫೈನಲ್, ಅದರಲ್ಲಿ ಒಂಬತ್ತನೆಯ ಸ್ಥಾನ. ಅಕ್ಟೋಬರ್ 21ರಂದು ಮ್ಯಾರಥಾನ್. ಆರಂಭದ ಕಿಲೋಮೀಟರುಗಳಲ್ಲಿ ಅಬೆಬೆ ಬಿಕಿಲಾ ಅಂಥವರೊಡನೆ ಮುಂದೆಯೇ ಓಡಿ, 2 ಗಂಟೆ 20 ನಿಮಿಷ 26.8 ಸೆಕೆಂಡಿನಲ್ಲಿ ಮತ್ತೆ ಒಂಬತ್ತನೆಯವರಾಗಿ ಗುರಿ ಮುಟ್ಟಿದರು. ಎಂಟು ದಿನಗಳಲ್ಲಿ ನಾಲ್ಕು ಓಟ. ಒತ್ತಡಕ್ಕೆ ಹೆದರುವವರು ಹೀಗೆ ತಮ್ಮನ್ನು ಒಡ್ಡಿಕೊಳ್ಳುವುದಿಲ್ಲ.

ಈಗ 1965ಕ್ಕೆ ಬರುತ್ತೇನೆ. ದೂರದ ಓಟವನ್ನು ಪ್ರೀತಿಸುವವರಿಗೆ ಈ ವರ್ಷದ ವಿವರಗಳನ್ನು ಎಷ್ಟು ಸಲ ಓದಿದರೂ ಬೇಸರವಾಗದು. ಜನವರಿಯಲ್ಲಿ ಹೋಬಾರ್ಟ್‌ನಲ್ಲಿ 5000 ಮೀಟರ್ ಓಟವನ್ನು 13:34.8ಕ್ಕೆ ಮುಗಿಸಿ, ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಕುಟ್ಸ್ ಅವರ ಏಳು ವರ್ಷ ಹಳೆಯ ದಾಖಲೆಯನ್ನು ಮುರಿದರು. ಫೆಬ್ರುವರಿಯಲ್ಲಿ ಆಕ್ಲೆಂಡ್‌ನಲ್ಲಿ 13:33.6, ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ 13:25.8. ಆ ಬೇಸಿಗೆಯಲ್ಲಿ ಯೂರೋಪಿಗೆ ಹೋಗಿ 44 ದಿನಗಳಲ್ಲಿ 18 ಬಾರಿ ಓಡಿ 12 ವಿಶ್ವದಾಖಲೆಗಳನ್ನು ಮುರಿದರು. ಜುಲೈ 10ರಂದು ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣದಲ್ಲಿ ಮೂರು ಮೈಲಿಯನ್ನು 12 ನಿಮಿಷ 52.4 ಸೆಕೆಂಡಿನಲ್ಲಿ ಮುಗಿಸಿದರು. ಅದಕ್ಕೆ ಮೊದಲು ಆ ದೂರವನ್ನು ಹದಿಮೂರು ನಿಮಿಷದೊಳಗೆ ಯಾರೂ ಓಡಿರಲಿಲ್ಲ. ಅಮೆರಿಕದ ಎಳೆಯ ಓಟಗಾರ ಗೆರಿ ಲಿಂಡ್‌ಗ್ರೆನ್ ಬೆನ್ನು ಬಿಡದೆ ಬಂದರೂ ಕೊನೆಗೆ ಹನ್ನೆರಡು ಸೆಕೆಂಡಿನಷ್ಟು ಹಿಂದೆ ಉಳಿದರು.

ನಾಲ್ಕು ದಿನಗಳ ನಂತರ, ಜುಲೈ 14ರಂದು, ಓಸ್ಲೊದ ಬಿಸ್ಲೆಟ್ ಕ್ರೀಡಾಂಗಣದಲ್ಲಿ 10,000 ಮೀಟರ್. ಸ್ಪರ್ಧಿಸಿದವರು ಬೆರಳೆಣಿಕೆಯಷ್ಟು ಮಂದಿ. ಇಂದಿನ ದಾಖಲೆ ಓಟಗಳಲ್ಲಿ ಇರುವಂತೆ ವೇಗ ಕಟ್ಟಿಕೊಡುವ ಪೇಸ್‌ಮೇಕರುಗಳ ಸಾಲು ಇರಲಿಲ್ಲ, ಹಾದಿಯ ಅಂಚಿನಲ್ಲಿ ವೇಗ ತೋರಿಸುವ ಬೆಳಕಿನ ದೀಪಗಳು ಓಡುತ್ತಿರಲಿಲ್ಲ. ಕ್ಲಾರ್ಕ್ ತಮ್ಮ ವೇಗವನ್ನು ತಾವೇ ಕಟ್ಟಿಕೊಂಡು ಇಪ್ಪತ್ತೈದು ಸುತ್ತುಗಳನ್ನು ಸುತ್ತಿಗೆ ಸರಾಸರಿ 66.4 ಸೆಕೆಂಡಿನಂತೆ ಓಡಿ 27 ನಿಮಿಷ 39.4 ಸೆಕೆಂಡಿನಲ್ಲಿ ಮುಗಿಸಿದರು. ಅಧಿಕೃತ ಪುಸ್ತಕದಲ್ಲಿದ್ದ ತಮ್ಮದೇ ದಾಖಲೆಯಿಂದ ಅವರು ಒಂದೇ ಸಲಕ್ಕೆ 36.2 ಸೆಕೆಂಡು ಕಳೆದರು. ಹಳೆಯ ದಾಖಲೆಯ ವೇಗದಲ್ಲಿ ಓಡುವ ಒಬ್ಬನನ್ನು ಅವರ ಪಕ್ಕದಲ್ಲಿ ಕಲ್ಪಿಸಿಕೊಂಡರೆ, ಕ್ಲಾರ್ಕ್ ಗುರಿ ಮುಟ್ಟಿದಾಗ ಆತ ಅರ್ಧ ಸುತ್ತಿಗಿಂತಲೂ ಹಿಂದೆ, 200 ಮೀಟರಿಗೂ ಹೆಚ್ಚು ದೂರದಲ್ಲಿ ಇರುತ್ತಿದ್ದ. ಈ ಓಟದ ಇತಿಹಾಸದಲ್ಲಿ 30 ನಿಮಿಷದ ಗಡಿಯನ್ನು 1939ರಲ್ಲಿ ಫಿನ್‌ಲೆಂಡಿನ ತಾಯಿಸ್ಟೊ ಮಾಕಿ ಮುರಿದರು, 29 ನಿಮಿಷದ ಗಡಿಯನ್ನು 1954ರಲ್ಲಿ ಝಾಟೊಪೆಕ್ ಮುರಿದರು, 28ನ್ನು ಕ್ಲಾರ್ಕ್. 27 ನಿಮಿಷದ ಗಡಿ ಮುರಿಯಲು 1993ರವರೆಗೆ ಕಾಯಬೇಕಾಯಿತು, ಮತ್ತು ಕೆನ್ಯಾದ ಯೋಬೆಸ್ ಒಂಡಿಯೆಕಿ ಅದನ್ನು ಮುರಿದದ್ದೂ ಬಿಸ್ಲೆಟ್‌ನಲ್ಲೇ.

ನಮ್ಮ ಕಡೆಯ ಅಳತೆಯಲ್ಲಿ ಇದನ್ನು ತೂಗಿ ನೋಡಿ. ಬೆಂಗಳೂರಿನಲ್ಲಿ 2008ರಿಂದ ನಡೆಯುವ ವರ್ಲ್ಡ್ 10ಕೆ ರಸ್ತೆ ಓಟಕ್ಕೆ ಜಗತ್ತಿನ ಶ್ರೇಷ್ಠ ಓಟಗಾರರು ಬರುತ್ತಾರೆ. ಅಲ್ಲಿ 2022ರಲ್ಲಿ ಕೆನ್ಯಾದ ನಿಕೋಲಸ್ ಕಿಮೆಲಿ ಕೂಟದಾಖಲೆ ಮಾಡಿದಾಗ ತೆಗೆದುಕೊಂಡದ್ದು 27 ನಿಮಿಷ 38 ಸೆಕೆಂಡು. ರಸ್ತೆಗೂ ಟ್ರ್ಯಾಕಿಗೂ, ಬೆಂಗಳೂರಿನ ಎತ್ತರಕ್ಕೂ ಓಸ್ಲೊಗೂ ವ್ಯತ್ಯಾಸವಿದೆ, ನಿಜ; ಆದರೆ ಒಂದು ಕಡೆ ಇಂದಿನ ಬೂಟು, ವೃತ್ತಿಪರ ತರಬೇತಿ, ಬಹುಮಾನದ ಹಣ, ಇನ್ನೊಂದು ಕಡೆ 57 ವರ್ಷ ಹಿಂದಿನ ಸಿಂಡರ್ ಹಾದಿ ಮತ್ತು ಲೆಕ್ಕಪತ್ರ ನೋಡುವ ಉದ್ಯೋಗಿ ಎಂಬುದನ್ನೂ ನೆನಪಿನಲ್ಲಿಡಬೇಕು. ಭಾರತದ ಓಟಗಾರರೊಬ್ಬರು 28 ನಿಮಿಷದೊಳಗೆ ಮೊದಲು ಬಂದದ್ದು 2024ರ ಮಾರ್ಚ್‌ನಲ್ಲಿ, ಗುಲ್ವೀರ್ ಸಿಂಗ್ 27:41.81ಕ್ಕೆ ಓಡಿದಾಗ, ಅದೂ ಕ್ಲಾರ್ಕ್ ಅವರ ಓಸ್ಲೊ ಸಮಯಕ್ಕಿಂತ ಎರಡು ಸೆಕೆಂಡು ಹೆಚ್ಚು. ಗುಲ್ವೀರ್ ಆ ಬಳಿಕ ಅದನ್ನೂ ದಾಟಿ ಬಹಳ ಮುಂದೆ ಹೋಗಿದ್ದಾರೆ ಎಂಬುದು ನಮಗೆಲ್ಲ ಸಂತೋಷದ ವಿಷಯ.

1965ರ ಅಕ್ಟೋಬರ್‌ನಲ್ಲಿ ಕ್ಲಾರ್ಕ್ ಮೆಲ್ಬರ್ನ್ ಸಮೀಪದ ಜಿಲಾಂಗ್‌ನಲ್ಲಿ ಒಂದು ಗಂಟೆಯಲ್ಲಿ 20,232 ಮೀಟರ್ ಓಡಿ ಇನ್ನೊಂದು ದಾಖಲೆ. 1966ರ ಜುಲೈ 5ರಂದು ಸ್ಟಾಕ್‌ಹೋಮ್‌ನಲ್ಲಿ 5000 ಮೀಟರ್ 13:16.6, ಇದಕ್ಕೆ ಮುನ್ನ ಕೆನ್ಯಾದ ಕಿಪ್ ಕೇನೊ ಆ ದಾಖಲೆಯನ್ನು ಅವರಿಂದ ಕಸಿದುಕೊಂಡಿದ್ದರು. ಎರಡು ಮೈಲಿಯಿಂದ ಒಂದು ಗಂಟೆಯ ಓಟದವರೆಗೆ ಒಟ್ಟು 17 ವಿಶ್ವದಾಖಲೆಗಳು ಅವರ ಹೆಸರಿನಲ್ಲಿ ಸೇರಿದವು. 5000 ಮತ್ತು 10,000 ಮೀಟರ್‌ನ ಅವರ ದಾಖಲೆಗಳು 1972ರ ಸೆಪ್ಟೆಂಬರ್‌ವರೆಗೆ ಉಳಿದವು. ಫಿನ್‌ಲೆಂಡಿನ ಲಾಸ್ಸೆ ವಿರೆನ್ ಮ್ಯೂನಿಕ್‌ನಲ್ಲಿ 10,000 ಮೀಟರ್ ದಾಖಲೆಯನ್ನು ಮುರಿದದ್ದು ಬರೀ ಒಂದು ಸೆಕೆಂಡಿನಿಂದ. ಏಳು ವರ್ಷಗಳಲ್ಲಿ, ಹೊಸ ಸಿಂಥೆಟಿಕ್ ಹಾದಿಗಳು ಬಂದ ಮೇಲೂ, ಜಗತ್ತು ಆ ಓಟದಲ್ಲಿ ಮುಂದೆ ಹೋದದ್ದು ಅಷ್ಟೇ.

ಹಾಗಾದರೆ ಪದಕದ ಓಟಗಳಲ್ಲಿ ಏನಾಗುತ್ತಿತ್ತು? 1966ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮೂರು ಮೈಲಿಯನ್ನು ಕೇನೊ ಗೆದ್ದರು, ಆರು ಮೈಲಿಯನ್ನು ಕೆನ್ಯಾದವರೇ ಆದ ನಫ್ತಾಲಿ ತೆಮು ಗೆದ್ದರು. ಎರಡರಲ್ಲೂ ಕ್ಲಾರ್ಕ್‌ಗೆ ಬೆಳ್ಳಿ. ಗಡಿಯಾರದೊಡನೆ ಓಡುವಾಗ ಸಮವೇಗವೇ ಮಿತವ್ಯಯದ ದಾರಿ, ಏಕೆಂದರೆ ಪ್ರತಿ ಸುತ್ತಿನಲ್ಲಿ ಒಂದೇ ಬೆಲೆ ತೆರುವ ದೇಹವು ಕೊನೆಗೆ ಅತಿ ಹೆಚ್ಚು ದೂರ ಸಾಗುತ್ತದೆ. ಮನುಷ್ಯರೊಡನೆ ಓಡುವಾಗ ಲೆಕ್ಕ ಬೇರೆ. ಮುಂದಿರುವವರು ಗಾಳಿಯನ್ನು ಸೀಳುತ್ತಾರೆ, ವೇಗದ ಜವಾಬ್ದಾರಿಯನ್ನು ಹೊರುತ್ತಾರೆ. ಹಿಂದಿರುವವರಿಗೆ ಆ ಎರಡೂ ಹೊರೆಗಳಿಲ್ಲ, ಮತ್ತು ಅವರ ಬಳಿ ಕೊನೆಯ 300 ಮೀಟರ್‌ಗೆ ಕೂಡಿಟ್ಟ ವೇಗವಿದ್ದರೆ ಮುಂದಿರುವವರು ರಕ್ಷಣೆಯಿಲ್ಲದವರಾಗುತ್ತಾರೆ. ಕ್ಲಾರ್ಕ್‌ಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಆದರೂ ಬೇರೆಯವರ ಬೆನ್ನಿನ ಹಿಂದೆ ಅಡಗಿ ಕಾಯುವುದು ಓಟವೇ ಅಲ್ಲವೆಂಬ ನಿಲುವಿನಿಂದ ಅವರು ಕದಲಲಿಲ್ಲ. ಪ್ರತಿ ಓಟದಲ್ಲೂ ತನ್ನಲ್ಲಿರುವುದನ್ನೆಲ್ಲ ಕೊಡಬೇಕು, ಎದುರಾಳಿಯೂ ಕೊಡುವಂತೆ ಮಾಡಬೇಕು ಎಂಬುದು ಅವರ ನಂಬಿಕೆ. ಆ ನಂಬಿಕೆಗೆ ಅವರು ಪದಕಗಳ ಬೆಲೆ ತೆತ್ತರು.

ಈ ಬೆಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಝಾಟೊಪೆಕ್. 1952ರ ಹೆಲ್ಸಿಂಕಿಯಲ್ಲಿ 5000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ ಅವರನ್ನು 1960ರ ದಶಕದ ಉತ್ತರಾರ್ಧದಲ್ಲಿ ಕ್ಲಾರ್ಕ್ ಪ್ರಾಗ್‌ನಲ್ಲಿ ಭೇಟಿಯಾದರು. ಬೀಳ್ಕೊಡುವಾಗ ವಿಮಾನ ನಿಲ್ದಾಣದಲ್ಲಿ ಝಾಟೊಪೆಕ್ ಒಂದು ಸಣ್ಣ ಪೊಟ್ಟಣವನ್ನು ಅವರ ಕೈಗಿತ್ತರು. ಕಮ್ಯುನಿಸ್ಟ್ ಆಡಳಿತದ ದೇಶದಿಂದ ಯಾವುದೋ ಗುಟ್ಟಿನ ವಸ್ತುವನ್ನು ಹೊರಗೆ ಕಳುಹಿಸುತ್ತಿದ್ದಾರೇನೋ ಎಂದುಕೊಂಡ ಕ್ಲಾರ್ಕ್, ವಿಮಾನ ಮೇಲೇರಿದ ಮೇಲೆಯೇ ಅದನ್ನು ಬಿಚ್ಚಿ ನೋಡಿದರು. ಒಳಗಿದ್ದದ್ದು ಹೆಲ್ಸಿಂಕಿಯ 10,000 ಮೀಟರ್ ಓಟದ ಚಿನ್ನದ ಪದಕ. ಇದನ್ನು ಕನಿಕರದ ಕೊಡುಗೆ ಎಂದು ಓದುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಕ್ಲಾರ್ಕ್ ಮಾಡಿದ ಕೆಲಸದ ತೂಕ ಎಷ್ಟೆಂದು ಬಲ್ಲ ಓಟಗಾರ ಜಗತ್ತಿನಲ್ಲಿ ಒಬ್ಬನಿದ್ದರೆ ಅದು ಝಾಟೊಪೆಕ್, ಅವರು ಅದಕ್ಕೆ ತಕ್ಕುದನ್ನೇ ಕೊಟ್ಟರು.

ಮೆಕ್ಸಿಕೊ ನಗರದ ಕಥೆ ಸಂಪೂರ್ಣ ಬೇರೆ. ಆ ನಗರ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಊಟಿಯಷ್ಟು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯೂ ಅದಕ್ಕಿಂತ ತಗ್ಗಿನಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗದಷ್ಟೇ ಇರುವುದರಿಂದ, ಪ್ರತಿ ಉಸಿರಿನಲ್ಲಿ ದೇಹಕ್ಕೆ ದೊರೆಯುವ ಆಮ್ಲಜನಕವೂ ಅಷ್ಟೇ ಕಡಿಮೆ. ಅಲ್ಪದೂರದ ಓಟ ಮತ್ತು ಜಿಗಿತಕ್ಕೆ ತೆಳುಗಾಳಿ ವರವಾಯಿತು. ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದದ್ದು ಅಲ್ಲಿಯೇ. ಅರ್ಧ ಗಂಟೆ ಎಡೆಬಿಡದೆ ಆಮ್ಲಜನಕವನ್ನು ಬೇಡುವ 10,000 ಮೀಟರ್‌ಗೆ ಅದು ಶಾಪ. ಎತ್ತರದ ನಾಡಿನಲ್ಲಿ ಹುಟ್ಟಿ ಬೆಳೆದವರ ದೇಹ ಆ ಕೊರತೆಗೆ ಬಾಲ್ಯದಿಂದಲೇ ಹೊಂದಿಕೊಂಡಿರುತ್ತದೆ. ಸಮುದ್ರತೀರದ ಮೆಲ್ಬರ್ನ್‌ನವರು ಕೆಲವು ವಾರ ಬೆಟ್ಟದ ಮೇಲೆ ತರಬೇತಿ ಪಡೆದು ಅದನ್ನು ಸರಿದೂಗಿಸಲಾರರು.

ಮೆಕ್ಸಿಕೊ ಕೂಟಕ್ಕೆ ಎರಡು ತಿಂಗಳು ಮೊದಲು, 1968ರ ಆಗಸ್ಟ್‌ನಲ್ಲಿ, ಲಂಡನ್‌ನಲ್ಲಿ ಕ್ಲಾರ್ಕ್ ಎರಡು ಮೈಲಿಯ ವಿಶ್ವದಾಖಲೆಯನ್ನು 8:19.6ಕ್ಕೆ ಇಳಿಸಿದ್ದರು, ಅವರ ದೇಹಸ್ಥಿತಿ ಉತ್ತಮವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಕ್ಟೋಬರ್ 13ರ 10,000 ಮೀಟರ್ ಓಟದಲ್ಲಿ ಕೊನೆಯ ಕೆಲವು ಸುತ್ತುಗಳವರೆಗೂ ಅವರು ಮುಂದಿನ ಗುಂಪಿನಲ್ಲಿದ್ದರು. ಅನಂತರ ದೇಹ ಕೈಕೊಟ್ಟಿತು. ತೆಮು 29:27.4ಕ್ಕೆ ಗೆದ್ದರು, ವೋಲ್ಡೆ ಬೆಳ್ಳಿ, ಗಮೂದಿ ಕಂಚು, ಕ್ಲಾರ್ಕ್ 29:44.8ಕ್ಕೆ ಆರನೆಯವರಾಗಿ ಗೆರೆ ದಾಟಿ ಅಲ್ಲೇ ಕುಸಿದರು. ಗೆದ್ದವರ ಸಮಯವೂ ಕ್ಲಾರ್ಕ್ ಅವರ ದಾಖಲೆಗಿಂತ ಒಂದು ಮುಕ್ಕಾಲು ನಿಮಿಷಕ್ಕೂ ಹೆಚ್ಚು ನಿಧಾನ ಎಂಬುದೇ ಆ ಗಾಳಿಯ ಅಳತೆ. ಪ್ರಜ್ಞೆ ತಪ್ಪಿದ ಅವರಿಗೆ ಆಸ್ಟ್ರೇಲಿಯಾ ತಂಡದ ವೈದ್ಯ ಬ್ರಯನ್ ಕಾರಿಗನ್ ಆಮ್ಲಜನಕ ಕೊಡುತ್ತ ಪಕ್ಕದಲ್ಲಿ ಮೊಣಕಾಲೂರಿ ಅಳುತ್ತಿದ್ದರು. ತಮ್ಮ ಓಟಗಾರ ಅಲ್ಲೇ ಪ್ರಾಣ ಬಿಡುತ್ತಾರೆಂದು ಅವರಿಗೆ ಭಯವಾಗಿತ್ತು. ಇಷ್ಟಾದರೂ ಕ್ಲಾರ್ಕ್ ನಾಲ್ಕೇ ದಿನಗಳಲ್ಲಿ 5000 ಮೀಟರ್ ಫೈನಲ್ ಓಡಿ ಐದನೆಯವರಾದರು. ಸಾಯುವ ಅಂಚಿಗೆ ಹೋಗಿ ಬಂದು ಮತ್ತೆ ಅದೇ ಗೆರೆಯ ಮೇಲೆ ನಿಂತವರನ್ನು ಎದೆಗುಂದುವವರೆಂದು ಕರೆಯುವುದು ನನ್ನ ಮನಸ್ಸಿಗೆ ನೋವು ಕೊಡುವ ಅನ್ಯಾಯ.

1980ರ ದಶಕದ ಆರಂಭದಲ್ಲಿ ಅವರ ಹೃದಯದ ದೋಷಯುಕ್ತ ಕವಾಟವನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಬೇಕಾಯಿತು. ಮೆಕ್ಸಿಕೊದ ಆ ದಿನವೇ ತಮ್ಮ ಹೃದಯವನ್ನು ಕೆಡಿಸಿತೆಂದು ಕ್ಲಾರ್ಕ್ ನಂಬಿದ್ದರು. ಒಂದೇ ಓಟ ಕವಾಟಕ್ಕೆ ರೋಗ ತರುವುದು ವಿರಳ; ಮೊದಲೇ ಇದ್ದ ದೋಷವನ್ನು ಅದು ಕೆರಳಿಸಿರಬಹುದು ಎಂಬುದರಾಚೆಗೆ ನಾನು ಹೋಗಲಾರೆ. 1970ರಲ್ಲಿ ಎಡಿನ್‌ಬರೊದ 10,000 ಮೀಟರ್‌ನಲ್ಲಿ ಸ್ಕಾಟ್‌ಲೆಂಡಿನ ಲಾಕಿ ಸ್ಟೂವರ್ಟ್ ಕೊನೆಯ ಸುತ್ತಿನಲ್ಲಿ ಅವರನ್ನು ದಾಟಿದರು. ಅದು ಕ್ಲಾರ್ಕ್ ಅವರ ನಾಲ್ಕನೆಯ ಕಾಮನ್‌ವೆಲ್ತ್ ಬೆಳ್ಳಿ, ಅಲ್ಲಿಗೆ ನಿವೃತ್ತಿ. ಮುಂದೆ ಉದ್ಯಮ, 2004ರಿಂದ 2012ರವರೆಗೆ ಗೋಲ್ಡ್ ಕೋಸ್ಟ್‌ನ ಮೇಯರ್ ಹುದ್ದೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟ ಆ ನಗರಕ್ಕೆ ದೊರೆತದ್ದು ಅವರ ಅವಧಿಯಲ್ಲೇ. ಕೂಟವನ್ನು ನೋಡಲು ಅವರಿರಲಿಲ್ಲ. 2015ರ ಜೂನ್ 17ರಂದು ತೀರಿಕೊಂಡಿದ್ದರು.

ಇನ್ನು ನಿಮ್ಮ ಮಗಳ ವಿಷಯ. ಮುಂದೆ ಓಡುವ ಅವಳ ಸ್ವಭಾವವನ್ನು ದಯವಿಟ್ಟು ತಿದ್ದಲು ಹೋಗಬೇಡಿ. ಎಳೆಯ ವಯಸ್ಸಿನಲ್ಲಿ ಆ ಧೈರ್ಯ ಎಲ್ಲರಲ್ಲೂ ಇರುವುದಿಲ್ಲ. ಅವಳಿಗೆ ಬೇಕಾದದ್ದು ಕ್ಲಾರ್ಕ್‌ಗೆ ಇಲ್ಲದಿದ್ದ ಎರಡನೆಯ ಆಯುಧ. ವಾರಕ್ಕೆ ಎರಡು ಸಲ, ಹಗುರವಾದ ಓಟ ಮುಗಿದ ಮೇಲೆ, ಹುಲ್ಲಿನ ಮೇಲೆ 100 ಮೀಟರ್‌ನಂತೆ ಐದಾರು ಸಲ ಬಿಗಿಯಿಲ್ಲದೆ ವೇಗವಾಗಿ ಓಡುವುದನ್ನು ರೂಢಿಸಿಕೊಳ್ಳಲಿ, ಪ್ರತಿ ಸಲದ ನಡುವೆ ಉಸಿರು ಪೂರ್ತಿ ಮರಳುವವರೆಗೆ ನಡೆಯಲಿ. ಸಣ್ಣ ಕೂಟಗಳಲ್ಲಿ ಒಮ್ಮೆ ಮೊದಲ ಐದು ಸುತ್ತು ಬೇರೆಯವರ ಹಿಂದೆ ಇದ್ದು ನೋಡಲಿ. ಇನ್ನೊಮ್ಮೆ ಮುಂದೆ ಓಡಿದರೂ ಕೊನೆಯ 200 ಮೀಟರ್‌ವರೆಗೆ ಕಾಯದೆ 600 ಮೀಟರ್ ಇರುವಾಗಲೇ ವೇಗ ಏರಿಸಿ ಅದನ್ನು ಇಳಿಸದೆ ಗೆರೆಯವರೆಗೆ ಒಯ್ಯಲಿ. ಒಮ್ಮೆ ಏರಿಸಿದ ವೇಗವನ್ನು ಇಳಿಸಿ ಹಿಂದಿನವರಿಗೆ ಉಸಿರಾಡಲು ಬಿಡಬಾರದು. ಟೋಕಿಯೊದಲ್ಲಿ ಆದದ್ದು ಅದೇ. ಹಿಂದುಳಿದ ಓಟಗಾರರನ್ನು ದಾಟುವಾಗ ಒಳಹಾದಿಯಲ್ಲಿ ಸಿಕ್ಕಿಕೊಳ್ಳದಂತೆ ಮೂವತ್ತು ಮೀಟರ್ ಮುಂಚೆಯೇ ಹೊರಗೆ ಬರುವುದನ್ನೂ ಅವಳ ತರಬೇತುದಾರರು ಕಲಿಸಲಿ.

ನೀವು ಮೆಲ್ಬರ್ನ್‌ನಲ್ಲೇ ಇರುವುದರಿಂದ ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಡ್ಯಾಂಡೆನಾಂಗ್ ಬೆಟ್ಟಗಳ ಫರ್ನಿ ಕ್ರೀಕ್ ಕಡೆಗೆ ಕರೆದುಕೊಂಡು ಹೋಗಿ. ಕ್ಲಾರ್ಕ್ ಮತ್ತು ಅವರ ಗೆಳೆಯರು ವಾರದ ಕೊನೆಯ ದೀರ್ಘ ಓಟಕ್ಕೆ ಸೇರುತ್ತಿದ್ದದ್ದು ಅಲ್ಲಿಯೇ. ದಾರಿ ಕಡಿದಾಗಿದೆ, ಮೊದಲ ಸಲ ನಾಲ್ಕೈದು ಕಿಲೋಮೀಟರ್ ಸಾಕು, ಏರಿನಲ್ಲಿ ಅವಳು ನಡೆದರೂ ಅಡ್ಡಿಯಿಲ್ಲ.